ಅವ್ವ ಓದುತ್ತಿದ್ದ ಫಾತಿಹಾ

ಸೀಮೆಎಣ್ಣೆಗೂ ಸೀರೆಗೂ ಚೀಟಿ ಹಿಡಿದು ಸಾಲು ನಿಲ್ಲುತ್ತಿದ್ದ ಯುದ್ಧದ ಕಾಲವದು. ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ನಾವಿದ್ದೆವು. ಅಪ್ಪ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದ. ನಾವು ಮುಸಲ್ಮಾನರೇ, ಆದರೆ ಮನೆಯಲ್ಲಿ ಆಡುತ್ತಿದ್ದುದು ಊರವರ ಕನ್ನಡ. ಊರವರ ಬಾಯಲ್ಲಿ ಹಾಲು 'ಆಲು', ಹಸು 'ಅಸ'. ನಮ್ಮ ಬಾಯಲ್ಲೂ ಅಷ್ಟೇ. ಹಾಗಾಗಿ ಅವ್ವ ಒಲೆಯ ಮುಂದೆ ನೆನೆಸಿದ ಅವರೆಕಾಳು ಹಿಸುಕುತ್ತಾ ಹೇಳಿಕೊಟ್ಟ ಫಾತಿಹಾ, ಕುರಾನಿನ ಆ ಮೊದಲ ಪ್ರಾರ್ಥನೆ, 'ಅಲ್‌ಹಮ್ದು' ಎಂದಲ್ಲ, 'ಅಲಮ್ದು' ಎಂದು ಶುರುವಾಗುತ್ತಿತ್ತು. ಸಿಪ್ಪೆಯಿಂದ ಬೇಳೆ ಚಂಗನೆ ಹಾರಿ ನನ್ನ ಮೂಗಿಗೆ ಬಡಿದರೆ ಓದುತ್ತಿದ್ದವಳು ನಡುವೆಯೇ ನಕ್ಕುಬಿಡುತ್ತಿದ್ದಳು.

ಆ ಅವರೆ ಕಾಲದಲ್ಲೇ ಅವ್ವ ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ನಾನು ಅಳಲಿಲ್ಲ. ಅಳಲಿಲ್ಲ ಅಂತ ಹೆಂಗಸರು ಮಾತಾಡಿಕೊಂಡರು, ಅದಕ್ಕೂ ಏನೂ ಅನ್ನಿಸಲಿಲ್ಲ. ಕೊಟ್ಟರೆ ತಿಂದೆ, ಮಲಗು ಅಂದರೆ ಮಲಗಿದೆ.

ನಲವತ್ತನೆಯ ದಿನ ಸತ್ತವರಿಗೆ ಇಷ್ಟವಾದ ಅಡಿಗೆ ಮಾಡಿ, ಮುಂದಿಟ್ಟು ಫಾತಿಹಾ ಓದುವುದು ನಮ್ಮ ಪದ್ಧತಿ. ಓದಿದ್ದರ ಪುಣ್ಯ ಸತ್ತವರಿಗೆ ಮುಟ್ಟುತ್ತದೆಂದು ನಂಬಿಕೆ. ಮೊದಲು ನಾನೇ ಓದಬೇಕೆಂದು ಅಪ್ಪನ ಆಸೆ. ಪೇಟೆಯಲ್ಲಿ ಹುಡುಗಿಯರಿಗೆ ಕುರಾನ್ ಕಲಿಸುತ್ತಿದ್ದ ಮುದುಕಿಯ ಹತ್ತಿರ ನನ್ನನ್ನು ದಿನಾ ಬಿಡತೊಡಗಿದ. ಎಲ್ಲರೂ ಆಕೆಯನ್ನು ಉಸ್ತಾನಮ್ಮ ಎನ್ನುತ್ತಿದ್ದರು.

"ಓದು ಬೇಟಿ."

"ಅಲಮ್ದು..."

"ಅಯ್ಯೋ ಅಲ್ಲಾ! 'ಹ' ಎಲ್ಲಿ ನುಂಗಿಬಿಟ್ಟೆ?"

ಹುಡುಗಿಯರು ಕಿಸಕ್ಕನೆ ನಕ್ಕರು. ಕನ್ನಡದ ಒಂದು ಹಕಾರವೇ ನನಗೆ ಹೊರಡದು, ಆಕೆಯ ಅರಬ್ಬಿಯಲ್ಲಿ ಎರಡೆರಡು! ಒಂದು ಎದೆಯ ಕಡೆಯಿಂದ, ಇನ್ನೊಂದು ಗಂಟಲ ನಡುವಿನಿಂದ. 'ಅಲ್‌ಹಮ್ದು'ವಿಗೆ ಬೇಕಾದದ್ದು ಎರಡನೆಯದು.

"ಬಿಸಿ ಮುದ್ದೆ ಬಾಯಿ ಸುಟ್ಟಾಗ ಉಸಿರು ಬಿಡ್ತೀಯಲ್ಲ, ಅದೇ. ಗಂಟಲು ಬಿಗಿ ಹಿಡಿ, ಉಸಿರು ಮಾತ್ರ ಬರಲಿ." ನನ್ನ ಬೆರಳು ಹಿಡಿದು ತನ್ನ ಗಂಟಲ ಮೇಲಿಟ್ಟುಕೊಂಡಳು. ಎಲೆಯಡಿಕೆಯ ವಾಸನೆ. 'ಐನ್' ಎಂಬ ಅಕ್ಷರವಂತೂ ಯಾರೋ ಕುತ್ತಿಗೆ ಅದುಮಿದ ಹಾಗೆ ಹೊರಡಬೇಕು. ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ಗೋಡೆ ನೋಡಿಕೊಂಡು ಕೆಮ್ಮಿದಂತೆ, ಉಗಿದಂತೆ ಸದ್ದು ಮಾಡುತ್ತಾ ಕೂತಿರುತ್ತಿದ್ದೆ.

ಒಂದು ದಿನ ಕೇಳಿದೆ. "ತಪ್ಪು ಓದಿದ್ರೆ ಅವ್ವಂಗೆ ಮುಟ್ಟಾಕಿಲ್ವಾ?"

"ತಪ್ಪು ಓದಬಾರದು ಬೇಟಿ."

"ಅವ್ವ ದಿನಾ ಅಂಗೇ ಓದ್ತಿದ್ಲು. ಅದು ಮುಟ್ನಿಲ್ವಾ?"

ಉಸ್ತಾನಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ಮುಟ್ಟಿರ್ತದೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಂತ ಅಲ್ಲಾನಿಗೆ ಗೊತ್ತು. ನಿನಗೆ ನಾನು ಹೇಳಿಕೊಟ್ಟಿದೀನಲ್ಲ."

ಅಲ್ಲಿಗೆ ನನಗೆ ಬೇರೆ ದಾರಿ ಇರಲಿಲ್ಲ. ನಾನು ತಪ್ಪಿದರೆ ಅವ್ವ ಅಲ್ಲಿ ಕಾದು ಕೂತೇ ಇರುತ್ತಾಳೆ ಎಂದು ಹೆದರಿಕೆ ಹತ್ತಿತು. ಅಷ್ಟು ದಿನದಲ್ಲಿ ನನಗೆ ಅನ್ನಿಸಿದ್ದು ಅದೊಂದೇ.

ನಲವತ್ತನೆಯ ದಿನ ಹಿದುಕಿದ ಬೇಳೆ ಸಾರು, ಮುದ್ದೆ ಮುಂದಿಟ್ಟು ಊದುಬತ್ತಿ ಹಚ್ಚಿದರು. ಓದಿದೆ. ಹಕಾರವೂ ಬಂತು, ಐನ್ ಕೂಡ ಬಂತು. "ಶಹಭಾಷ್!" ಎಂದಳು ಉಸ್ತಾನಮ್ಮ. ಅಪ್ಪ ಕಣ್ಣೊರೆಸಿಕೊಂಡ. "ನಿಮ್ಮವ್ವ ಕೇಳಿದ್ರೆ ಎಷ್ಟ್ ಕುಸಿ ಪಡ್ತಿದ್ಲು ಕಣವ್ವಾ."

ಕೇಳಿದ್ದರೆ, ಓದುತ್ತಿರುವುದು ಯಾರೆಂದು ಅವಳಿಗೆ ಗುರುತು ಹತ್ತುತ್ತಿತ್ತೋ ಇಲ್ಲವೋ ಅಂದುಕೊಂಡೆ. ಆಗಲೂ ಅಳು ಬರಲಿಲ್ಲ. ಮುದ್ದೆ ಉಂಡೆ.

ಈಗ ಎಂಬತ್ತು ದಾಟಿದೆ. ಹತ್ತಿ ಹಿಂಜುವವರು ಯಾರೂ ಉಳಿದಿಲ್ಲ. ನಮ್ಮೂರಿನ ಮಕ್ಕಳು ಕೂಡ ಹಾಲು, ಹಸು ಎಂದೇ ಅನ್ನುತ್ತವೆ. ನನ್ನ ಓದು ಕೇಳಿದವರು ಯಾವ ಮದರಸದಲ್ಲಿ ಕಲಿತಿರಿ ಅನ್ನುತ್ತಾರೆ. ಯಾರೂ ಇಲ್ಲದಾಗ ಅವ್ವನ ಹಾಗೆ ಓದಲು ನೋಡುತ್ತೇನೆ. ಆಗುವುದಿಲ್ಲ, ಗಂಟಲು ತಾನಾಗಿಯೇ ಬಿಗಿದುಕೊಳ್ಳುತ್ತದೆ. ಅವ್ವನ ಪಟ ತೆಗೆಸಿದವರಿಲ್ಲ. ಅವಳದು ಅಂತ ಉಳಿದಿದ್ದದ್ದು ನನ್ನ ಬಾಯಲ್ಲಿದ್ದ ಆ ಓದು ಮಾತ್ರ. ಅದನ್ನು ತಿದ್ದಿ ತಿದ್ದಿ ಸರಿ ಮಾಡಿಬಿಟ್ಟರು.