ನನ್ನ ನಂತರ ಊದಿದವನು

ಅವನ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಲಕ್ಕವಳ್ಳಿಯ ಡ್ಯಾಂ ಕಾಲೋನಿಯವರು ಹೊಡೆದ ಚೆಂಡೊಂದನ್ನು ತಡೆಯಲು ಹೋಗಿ ಮುರಿದುಕೊಂಡಿದ್ದ. ನಾಟಿ ವೈದ್ಯರೊಬ್ಬರು ಬಿದಿರಿನ ಸೀಳು ಕಟ್ಟಿ ಕೂಡಿಸಿದ್ದರು; ಕೂಡಿತು, ಆದರೆ ಸೊಟ್ಟಗೆ. ಟೀ ಲೋಟ ಹಿಡಿದಾಗ ಉಳಿದ ಬೆರಳೆಲ್ಲ ಲೋಟಕ್ಕೆ ಅಂಟಿಕೊಂಡಿದ್ದರೆ ಅದೊಂದು ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ದೂರ ನಿಂತಿರುತ್ತಿತ್ತು. ನಾವು ನಕ್ಕರೆ, "ನಗ್ರಲೇ ನಗ್ರಿ, ಆವತ್ತು ಗೋಲಂತೂ ಆಗ್ಲಿಲ್ವಲ್ಲ" ಎನ್ನುತ್ತಿದ್ದ.

ಅವನು ನಮ್ಮ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹೊಟ್ಟೆಪಾಡಿಗೆ ತರೀಕೆರೆಯ ಒಂದು ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದ. ಸಂಜೆ ಗಿರಣಿಯಿಂದ ಹೊರಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲೆಲ್ಲೂ ತೌಡಿನ ಧೂಳು. ಹಾಗೇ ಮೈದಾನಕ್ಕೆ ಬರುತ್ತಿದ್ದ. ಅವನ ಅವ್ವನೊಬ್ಬಳನ್ನು ಬಿಟ್ಟು ಊರಿಗೆ ಊರೇ ಅವನನ್ನು ಕೀಪರ್ ಎಂದೇ ಕರೆಯುತ್ತಿತ್ತು. ನಾನೂ ಹಾಗೇ ಕರೆಯುತ್ತೇನೆ.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಫುಟ್‌ಬಾಲ್ ಆಡುವುದೆಂದರೆ ತಲೆಕೆಟ್ಟವರ ಲಕ್ಷಣ. ಕಬಡ್ಡಿಗೆ ಜನ ಸೇರುತ್ತಿದ್ದರು. ವಾಲಿಬಾಲಿಗೆ ಸಾಹುಕಾರರು ಕಪ್ಪು ಕೊಡುತ್ತಿದ್ದರು. ಕ್ರಿಕೆಟ್ ಕಾಮೆಂಟರಿ ಬಂದರೆ ರೇಡಿಯೋ ಇದ್ದ ಅಂಗಡಿಯ ಮುಂದೆ ವ್ಯಾಪಾರವೇ ನಿಂತುಹೋಗುತ್ತಿತ್ತು. ಫುಟ್‌ಬಾಲಿಗೆ ಮಾತ್ರ ಯಾರೂ ಇಲ್ಲ. ತರೀಕೆರೆಯೊಂದರಲ್ಲೇ ಹನ್ನೊಂದು ಜನ ಹುಟ್ಟದೆ, ಕಡೂರಿನಿಂದ ಇಬ್ಬರನ್ನು, ಅಜ್ಜಂಪುರದಿಂದ ಮೂವರನ್ನು ಎಳೆದು ತಂದು ತಂಡ ಕಟ್ಟಿದ್ದೆವು. ಭದ್ರಾವತಿಯವರ ಕೈಲಿ ಸೋಲುವುದಕ್ಕಾಗಿಯೇ ಇಷ್ಟು ದೂರ ಬಸ್ಸು ಹತ್ತಿ ಬರುತ್ತೀರಾ ಎಂದು ಜನ ಕೇಳುತ್ತಿದ್ದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾವು ಸೋಲುತ್ತಲೇ ಇದ್ದೆವು.

ನಮ್ಮ ಸೀಜನ್ನು ಶುರುವಾಗುತ್ತಿದ್ದುದು ಮೃಗಶಿರ ಮಳೆಗೆ. ಬೇಸಿಗೆಯಿಡೀ ಸಂತೆ ಮೈದಾನ ಕಲ್ಲಾಗಿರುತ್ತಿತ್ತು. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಏಳಬೇಕು. ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ಕೀಪರ್ ಒಬ್ಬನೇ ಹೋಗಿ ಗೋಲಿನ ಜಾಗದಲ್ಲಿ ನಿಂತು ಹಿಮ್ಮಡಿ ಒತ್ತಿ ನೋಡುತ್ತಿದ್ದ. ಆಮೇಲೆ ಬಸ್‌ಸ್ಟ್ಯಾಂಡಿಗೆ ಬಂದು ಕಡೂರಿನ ಬಸ್ಸಿನ ಕಂಡಕ್ಟರಿಗೂ ಅಜ್ಜಂಪುರದ ಬಸ್ಸಿನ ಕಂಡಕ್ಟರಿಗೂ ಒಂದೇ ಮಾತು ಹೇಳಿ ಕಳಿಸುತ್ತಿದ್ದ: "ಕಾಲು ಇಳೀತದಂತೆ ಅಂತ ಹೇಳ್ಬಿಡಣ್ಣ." ಅಷ್ಟು ಸಾಕಿತ್ತು. ಭಾನುವಾರ ಬೆಳಿಗ್ಗೆ ಐದೂ ಜನ ಬಂದಿಳಿಯುತ್ತಿದ್ದರು. ಆ ಮೊದಲ ದಿನದ ಆಟದಲ್ಲಿ ಲೆಕ್ಕವಿಲ್ಲ, ಎದುರಾಳಿ ಇಲ್ಲ. ಕೆಸರಲ್ಲಿ ಜಾರುವುದು, ಒಬ್ಬರ ಮೇಲೊಬ್ಬರು ಬೀಳುವುದು, ಹೊಸ ಮಣ್ಣಿನ ವಾಸನೆ. ಮದುವೆ, ಮಕ್ಕಳು, ಬಡ್ತಿ ಎಲ್ಲ ಕಂಡಿದ್ದೇನೆ. ಆ ಭಾನುವಾರಗಳಷ್ಟು ಸಂತೋಷವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಆಟಕ್ಕೆ ಮೊದಲು ಒಂದು ಶಾಸ್ತ್ರವಿತ್ತು. ಆಗಿನ ಚೆಂಡೆಂದರೆ ಹೊರಗೆ ತೊಗಲು, ಒಳಗೆ ರಬ್ಬರಿನ ಬ್ಲಾಡರ್. ಮೊದಲ ವರ್ಷ ಗಾಳಿ ತುಂಬಲು ಹೋದರೆ ಸೈಕಲ್ ಶಾಪಿನವನು ಬಾಗಿಲು ಹಾಕಿಕೊಂಡು ಮದುವೆಗೆ ಹೋಗಿದ್ದ. ಒಬ್ಬೊಬ್ಬರೂ ಒಂದೊಂದು ಉಸಿರು ಊದಿ, ನಳಿಕೆಯನ್ನು ಬೆರಳಲ್ಲಿ ಅದುಮಿ ಪಕ್ಕದವನಿಗೆ ದಾಟಿಸುತ್ತ ಹೇಗೋ ತುಂಬಿಸಿದೆವು. ಆ ದಿನ ಚೆಂಡು ಪೂರ್ತಿ ಗಟ್ಟಿಯಾಗಲಿಲ್ಲ, ಆದರೂ ಆಡಿದೆವು. ಮುಂದಿನ ವರ್ಷ ಸೈಕಲ್ ಶಾಪಿನವನು ಪಂಪು ಹಿಡಿದುಕೊಂಡು ತಾನಾಗಿ ಬಂದರೂ ಕೀಪರ್ ಬೇಡವೆಂದ. ಸೀಜನ್ನಿನ ಮೊದಲ ದಿನ ಬಾಯಿಂದಲೇ ಊದಬೇಕು, ಉಸಿರು ಹಾಕಿದವನೇ ಆ ವರ್ಷದ ತಂಡದವನು, ಹಾಕದವನು ಅಲ್ಲ. ಹೀಗೆಂದು ಅವನೇ ಕಾಯ್ದೆ ಮಾಡಿದ. ಕೊನೆಗೆ ತಾನು ಊದಿ, ದಾರ ಸುತ್ತಿ ಗಂಟು ಹಾಕುತ್ತಿದ್ದ. ಯಾರೂ ಬಾಯಿ ಒರೆಸಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಮನೆಯೊಳಗೆ ಬಿಟ್ಟುಕೊಳ್ಳದ ಜಾತಿಗಳೂ ಇದ್ದವು, ಆ ಬ್ಲಾಡರಿನ ಮುಂದೆ ಅದೆಲ್ಲ ಯಾರಿಗೂ ನೆನಪಾಗುತ್ತಿರಲಿಲ್ಲ.

ಆಮೇಲೆ ನನಗೆ ಕ್ಷಯ ಬಂತು.

ಆಗ ನಾನು ಲಕ್ಕವಳ್ಳಿಯಲ್ಲಿ ಗುಮಾಸ್ತ. ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡ ದಿನ ಬಸ್ಸಿನಲ್ಲಿ ತರೀಕೆರೆಯ ಮನೆಗೆ ಬರುತ್ತ ಸತ್ತೇಹೋದೆ ಅಂದುಕೊಂಡೆ. ದೊಡ್ಡಾಸ್ಪತ್ರೆಯಲ್ಲಿ ಕೆಲವು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು. ದಿನಾ ಇಂಜೆಕ್ಷನ್, ಹಿಡಿ ಮಾತ್ರೆ, ವರ್ಷದ ತನಕ ಓಡಬಾರದು. ಸೂಜಿಯ ನೋವನ್ನು ತಡೆದುಕೊಳ್ಳಬಹುದಿತ್ತು. ನಮ್ಮನೆಯವರೇ ನನ್ನ ತಟ್ಟೆ ಲೋಟವನ್ನು ಬೇರೆ ಗೂಡಿನಲ್ಲಿ ಇಟ್ಟಿದ್ದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಹೋಟೆಲಿನವನು ನನಗೆ ಮಾತ್ರ ಕಿವಿ ಮುರಿದ ಕಪ್ಪಿನಲ್ಲಿ ಕಾಫಿ ಕೊಡಲು ಶುರುಮಾಡಿದ. ಅದು ಬೇರೆಯವರಿಗೆ ಕೊಡದ ಕಪ್ಪು ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಮೂರನೆಯ ದಿನದಿಂದ ಹೋಗಲಿಲ್ಲ.

ನೋಡಲು ಬಂದವರು ಹೊಸಿಲಿನ ಹೊರಗೇ ನಿಂತು ಕ್ಷೇಮ ಕೇಳಿ ಹೋಗುತ್ತಿದ್ದರು. ಕೀಪರ್ ಮಾತ್ರ ಗಿರಣಿಯಿಂದ ನೇರ ಬಂದು ನನ್ನ ಮಂಚದ ಮೇಲೆ ಕುಕ್ಕರಿಸಿಬಿಡುತ್ತಿದ್ದ. "ಎದ್ದು ಆ ಕುರ್ಚೀಲಿ ಕೂತ್ಕೊಳೋ, ಹತ್ರ ಬರಬಾರ್ದಂತೆ" ಎಂದರೆ, "ನಿನ್ನ ಮಂಚದಷ್ಟು ಮೆತ್ತಗಿಲ್ಲ ಕಣೋ ಅದು" ಎನ್ನುವನು. ನನಗೆ ಗೊತ್ತಾಗದಂತೆ ಆಸ್ಪತ್ರೆಗೂ ಹೋಗಿ ಡಾಕ್ಟರನ್ನು ವಿಚಾರಿಸಿದ್ದನಂತೆ. ಔಷಧಿ ಹಿಡಿದಿದೆ, ಇನ್ನು ಇವನಿಂದ ಬೇರೆಯವರಿಗೆ ಅಂಟುವ ಹೆದರಿಕೆ ಇಲ್ಲ ಎಂದು ಅವರು ಹೇಳಿದ್ದನ್ನು ಮೈದಾನಕ್ಕೆ ಬಂದು ಎಲ್ಲರಿಗೂ ಸಾರಿದ್ದನಂತೆ. ಎಲ್ಲರೂ ತಲೆಯಾಡಿಸಿದರಂತೆ. ತಲೆಯಾಡಿಸುವುದಕ್ಕೇನು, ಯಾರು ಬೇಕಾದರೂ ಆಡಿಸುತ್ತಾರೆ.

ಆ ವರ್ಷ ಮೃಗಶಿರ ಜೋರಾಗಿಯೇ ಬಂತು. ಭಾನುವಾರ ಕೀಪರ್ ಮನೆಗೆ ಬಂದು, "ಏಳು, ಟೈಮಾಯ್ತು" ಎಂದ. ಆಡಲು ಹೇಗೂ ಆಗುವುದಿಲ್ಲ, ನಾನೇಕೆ ಎಂದೆ. "ಆಡು ಅಂದೋರ್ಯಾರು? ಉಸ್ರು ಹಾಕೋಕೆ ಬಾ" ಎಂದು ಹೊರಡಿಸಿದ. ದಾರಿಯುದ್ದಕ್ಕೂ ಅದೇ ಯೋಚನೆ. ನಾನು ಊದಿದ ಬ್ಲಾಡರಿಗೆ ಯಾರು ಬಾಯಿಡುತ್ತಾರೆ? ಇಡದೇ ಹೋದರೆ ಆ ಹತ್ತು ಜನರ ಮುಖವನ್ನು ಆಮೇಲೆ ನಾನು ಹೇಗೆ ನೋಡಲಿ? ಅವರೂ ನನ್ನ ಮುಖವನ್ನು ಹೇಗೆ ನೋಡಬೇಕು? ಊರಿನಲ್ಲಿ ನನಗೆ ಉಳಿದಿದ್ದ ಜಾಗ ಅದೊಂದೇ.

ಎಲ್ಲರೂ ಸುತ್ತ ನಿಂತಿದ್ದರು. ನಾನು ಹೋದೊಡನೆ ಅಜ್ಜಂಪುರದ ಹಾಫ್‌ಬ್ಯಾಕ್ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದವನು ಏಳಲೇ ಇಲ್ಲ. ಕೀಪರ್ ಯಾವ ಪೀಠಿಕೆಯೂ ಇಲ್ಲದೆ ಬ್ಲಾಡರನ್ನು ಕಡೂರಿನವನ ಕೈಗೆ ಕೊಟ್ಟು, "ಈ ಕಡೆಯಿಂದ ಶುರು ಮಾಡ್ರಿ. ಇವ್ನು ಸುಸ್ತಾಗ್ಯವ್ನೆ, ಕೊನೇಲಿ ಊದ್ಲಿ. ಇವ್ನಾದ್ಮೇಲೆ ಹೆಂಗೂ ನಾನೇ" ಎಂದ. ಬ್ಲಾಡರ್ ಒಂದು ಸುತ್ತು ಬಂತು. ನನ್ನ ಕೈಗೆ ಬಂದಾಗ ಊದಿದೆ. ಎದೆ ಉರಿಯಿತು, ಉಸಿರು ಚೂರೇ ಹೋಯಿತು. ನಳಿಕೆ ಅದುಮಿ ಅವನಿಗೆ ಕೊಟ್ಟೆ. ಅವನು ಒರೆಸಲಿಲ್ಲ. ಬಾಯಿಟ್ಟು ಕೆನ್ನೆ ಉಬ್ಬಿಸಿ ಊದಿ, ದಾರ ಸುತ್ತಿ ಗಂಟು ಹಾಕಿ, "ಲೇ, ನೋಡ್ತಾ ನಿಂತ್ರೆ ಆಟ ಆಡೋರ್ಯಾರು?" ಎಂದು ಗದರಿದ. ಯಾರೂ ಹಿಂದೆ ಸರಿಯಬೇಕಾಗಲಿಲ್ಲ, ಯಾರೂ ನಾಚಬೇಕಾಗಲಿಲ್ಲ. ನಾನು ಗೋಲಿನ ಹಿಂದೆ ಕೂತು, ಮಳೆಯಲ್ಲಿ ಕಾಣುವುದಿಲ್ಲವೆಂದು, ಅತ್ತೆ.

ಆಟ ಮುಗಿದ ಮೇಲೆ ಎಲ್ಲರೂ ಬಂದು ನನ್ನ ಪಕ್ಕದಲ್ಲೇ ಕೂತು ಮಂಡಕ್ಕಿ ತಿಂದರು, ಒಂದೇ ಪೊಟ್ಟಣದಿಂದ. ನನಗೆ ಗುಣವಾಯಿತು. ಮರುವರ್ಷ ಆಡಿದೆ ಕೂಡ, ಮೊದಲಿಗಿಂತ ಕೆಟ್ಟದಾಗಿ.

ಅದಾಗಿ ಮೂರ್ನಾಲ್ಕು ವರ್ಷಕ್ಕೆ, ಎಂಬತ್ತರ ದಶಕ ಶುರುವಾದ ಮೇಲೆ, ಕೀಪರ್ ಕೆಮ್ಮತೊಡಗಿದ. ಗಿರಣಿಯ ಧೂಳು ಎಂದ. ಧೂಳೇ ಇರಬಹುದೆಂದು ನಾವೂ ನಂಬಿದೆವು. ಮೃಗಶಿರದ ಭಾನುವಾರ ಬಂತು, ಎಲ್ಲರೂ ಸೇರಿದೆವು. ಕಡೂರಿನವನು ಅಭ್ಯಾಸದಂತೆ ಬ್ಲಾಡರಿಗೆ ಕೈಚಾಚಿದರೆ ಕೀಪರ್ ಕೊಡಲಿಲ್ಲ. ಚೀಲದಿಂದ ಸೈಕಲ್ ಪಂಪು ತೆಗೆದ. "ವಯಸ್ಸಾಯ್ತು ಕಣ್ರೋ ನಮ್ಗೆ. ಈ ಸಲದಿಂದ ಇದ್ರಲ್ಲೇ ತುಂಬಾಣ" ಎಂದು ತಲೆ ಬಗ್ಗಿಸಿ ಪಂಪು ಹೊಡೆಯಲು ಕೂತ. ಬೇರೆಯವರು ತಮಾಷೆ ಮಾಡಿದರು, ಕಾಯ್ದೆ ಮಾಡಿದವನೇ ಮುರಿದನೆಂದು ಬೈದರು. ನಾನು ಮಾತ್ರ ಆ ಪಂಪನ್ನೇ ನೋಡುತ್ತಿದ್ದೆ. ನನ್ನ ನಂತರ ಬಾಯಿಟ್ಟವನು, ಎಲ್ಲರಿಗಿಂತ ಕೊನೆಗೆ ಊದುವವನಾಗಿದ್ದರೂ, ನಮ್ಮ ಚೆಂಡಿಗೆ ತನ್ನ ಉಸಿರು ಹಾಕಲು ಒಪ್ಪುತ್ತಿಲ್ಲ. ಕಾಯಿಲೆ ಯಾವುದೆಂದು ಅವನಿಗೆ ಗೊತ್ತಿದೆ.

ಮಾರನೆಯ ದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಮೊದಲೇ ಬಂದು ತೋರಿಸಿಕೊಂಡಿದ್ದನಂತೆ. ಎರಡು ತಿಂಗಳು ಮಾತ್ರೆ ನುಂಗಿ, ಕೆಮ್ಮು ನಿಂತಿತೆಂದು ಬಿಟ್ಟುಬಿಟ್ಟಿದ್ದ. ಮತ್ತೆ ಬಂದಿದ್ದು ಮೊದಲಿಗಿಂತ ಗಟ್ಟಿಯಾಗಿ ಬಂದಿತ್ತು. ನನ್ನನ್ನು ಉಳಿಸಿದ್ದ ಔಷಧಿಗಳು ಅವನಲ್ಲಿ ಕೆಲಸ ಮಾಡಲಿಲ್ಲ. ಯಾರಿಂದ ಬಂದಿರಬಹುದು ಎಂದು ಡಾಕ್ಟರನ್ನು ಕೇಳಿದೆ. "ಊರಲ್ಲಿ ಎಷ್ಟೋ ಜನ ಇಟ್ಕೊಂಡು ಓಡಾಡ್ತಿದಾರೆ ಕಣ್ರೀ. ಯಾರಿಂದ ಅಂತ ಹೇಳೋಕೆ ಯಾರ ಕೈಲೂ ಆಗಲ್ಲ" ಎಂದರು. ನನ್ನಿಂದ ಅಲ್ಲ ಎಂದು ಅವರು ಹೇಳಲಿಲ್ಲ.

ಅವನ ಅವ್ವನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಎಷ್ಟೋ ವರ್ಷ ನನಗೆ ಅಕ್ಕಿರೊಟ್ಟಿ ತಟ್ಟಿಕೊಟ್ಟ ಕೈ ಆಕೆಯದು. ಅದೇ ಕೈಯನ್ನು ಬಾಗಿಲಿಗೆ ಅಡ್ಡ ಇಟ್ಟು, "ತಂದು ಕೊಟ್ಟಿದ್ದು ಸಾಕು, ಹೋಗಪ್ಪಾ" ಎಂದಳು. ಒಳಗಿಂದ ಅವನು, "ಅವ್ವಾ, ಬಿಡವ್ವ ಅವ್ನ" ಎಂದು ಕೂಗಲು ಹೋಗಿ ಕೆಮ್ಮಿ ಕೆಮ್ಮಿ ಸುಸ್ತಾದ. ಅವಳು ಕದಲಲಿಲ್ಲ. ಅಂದಿನಿಂದ ನಾನು ಹಿತ್ತಿಲ ಕಡೆಯ ಕಿಟಕಿಗೆ ಹೋಗುತ್ತಿದ್ದೆ. ಅವನು ಸರಳಿನ ಆಚೆ, ಗೋಡೆಗೆ ಒರಗಿ. ಭುಜದ ಮೂಳೆಗಳು ಅಂಗಿಯನ್ನು ತೂರಿಕೊಂಡು ಬರುವಂತಿದ್ದವು.

ಒಂದು ದಿನ ತಡೆಯಲಾಗದೆ ಕೇಳಿಬಿಟ್ಟೆ, "ನನ್ನಿಂದ್ಲೇ ಬಂತೇನೋ?"

ಅವನಿಗೆ ಸಿಟ್ಟು ಬಂತು. "ಗಿರಣೀಲಿ ಮೂರು ಜನ ಹಮಾಲ್ರು ಕೆಮ್ತಾರೆ. ನಿನ್ನಿಂದ್ಲೇ ಬರ್ಬೇಕು ಅಂತ ಏನ್ಲೇ ನಿಂದು ದೊಡ್ಡಸ್ತಿಕೆ?" ಎಂದ. ದಮ್ಮು ಎಳೆದುಕೊಂಡು, "ಬಂದಿದ್ರೂ ಬಂದಿರ್ಲಿ ಬಿಡು" ಎಂದ. ಆಮೇಲೆ ಗೋಲಿಗೆ ಯಾರನ್ನು ನಿಲ್ಲಿಸುತ್ತಿದ್ದೀರಿ ಎಂದು ವಿಚಾರಿಸಿದ.

ದೀಪಾವಳಿಗೆ ಮೊದಲೇ ಹೋಗಿಬಿಟ್ಟ. ಮೂರೂರಿನವರೂ ಬಂದೆವು. ವಿಭೂತಿ ಹಚ್ಚಿ ಕೂರಿಸಿದ್ದರು. ಕೂತ ಭಂಗಿಯಲ್ಲೂ ಅವನು ಎಷ್ಟು ಚಿಕ್ಕವನಾಗಿದ್ದನೆಂದರೆ ನೋಡಲಾಗಲಿಲ್ಲ. ಅವನ ಅವ್ವ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ಹಿಡಿದುಕೊಂಡು ಅತ್ತಳು. ನನ್ನ ಸರದಿ ಬಂದಾಗ ಮುಖ ತಿರುಗಿಸಿಕೊಂಡಳು. ನನಗೆ ಕೋಪ ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ.

ಇಂದಿಗೆ ಆ ತಂಡದಲ್ಲಿ ಉಳಿದವರು ಕೆಲವರೇ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಚಪ್ಪರ ಹಾಕಿದ್ದೇವೆ, ಒಬ್ಬರ ಚಟ್ಟಕ್ಕೆ ಇನ್ನೊಬ್ಬರು ಹೆಗಲು ಕೊಟ್ಟಿದ್ದೇವೆ. ನಡುವೆ ಜಗಳಗಳಾಗಿವೆ, ಮಾತು ಬಿಟ್ಟಿದ್ದೂ ಉಂಟು. ಮಳೆ ಬಿದ್ದ ವಾರ ಯಾರಾದರೊಬ್ಬರು ಇನ್ನೊಬ್ಬರ ಬಾಗಿಲು ತಟ್ಟಿಯೇ ತಟ್ಟುತ್ತೇವೆ. ಈ ಸ್ನೇಹವನ್ನು ನನಗೆ ಉಳಿಸಿಕೊಟ್ಟವನು ಅವನು. ಆ ಭಾನುವಾರ ಅವನು ನನ್ನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರೆ ನಾನು ಬದುಕಿರುತ್ತಿದ್ದೆ, ಆದರೆ ಒಬ್ಬನೇ.

ಅವನು ಹೋದ ಮರುವರ್ಷ ಮಳೆ ಬಂದಾಗ ಕಂಡಕ್ಟರುಗಳಿಗೆ ಹೇಳಿ ಕಳಿಸುವವರು ಯಾರೂ ಇರಲಿಲ್ಲ. ಆದರೂ ಭಾನುವಾರ ಐದೂ ಜನ ಬಂದಿಳಿದರು. ಚೆಂಡು ಹೊರಗೆ ತೆಗೆಯಲು ಯಾರಿಗೂ ಮನಸ್ಸು ಬರದೆ, ಅವನ ಅವ್ವನನ್ನು ನೋಡಿಕೊಂಡು ಬರೋಣವೆಂದು ಎಲ್ಲರೂ ಹೋದೆವು. ಅವನು ಹೋದ ಮೇಲೆ ಅವ್ವನ ಜೊತೆಗಿರಲು ಬಂದಿದ್ದ ಅವನ ಅಣ್ಣ ಎಲ್ಲರನ್ನೂ ಒಳಗೆ ಕರೆದ. ನಾನು ಜಗಲಿಯ ಕೆಳಗೆ, ಸೂರಿನ ನೀರು ಬೀಳುವಲ್ಲಿ ನಿಂತುಕೊಂಡೆ. ಒಳಗೆ ಆಕೆ ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದುದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಕಂಬ ಹಿಡಿದು ನನ್ನನ್ನೇ ನೋಡಿದಳು. ನನ್ನ ಎದೆಯನ್ನು, ಉಸಿರಾಡುವುದನ್ನು ನೋಡುತ್ತಿದ್ದಾಳೆ ಅನ್ನಿಸಿತು.

"ನಿನ್ನ ನೋಡಿದ್ರೆ ಹೊಟ್ಟೆ ಉರೀತದೆ ಕಣಪ್ಪಾ" ಎಂದಳು. "ಬರ್ದೇ ಇದ್ರೆ ಇನ್ನೂ ಉರೀತದೆ. ಬಾ ಒಳಕ್ಕೆ, ನೆನೀಬ್ಯಾಡ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.