ಗೇಟಿನ ಪಕ್ಕದ ಕುರ್ಚಿ

ಯಶವಂತಪುರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಮುನಿಯಲ್ಲಪ್ಪ ಸೂಪರ್‌ವೈಸರ್. ಸಂಜೆ ಮನೆಗೆ ಹೊರಟ ಹೆಂಗಸರು ನೂಲಿನ ಉಂಡೆ ಕದ್ದಿದ್ದಾರೇನೋ ಎಂದು ವಾಚ್‌ಮನ್ ಮೈ ತಡವಿ ನೋಡುವುದು ಅಲ್ಲಿನ ಪದ್ಧತಿ. ೧೯೭೯ರಲ್ಲಿ ಒಂದು ದಿನ, ಕಾಲರ್ ಹೊಲಿಯುವ ಫಖ್ರುನ್ನೀಸಾ ಮುನಿಯಲ್ಲಪ್ಪನೆದುರು ಬಂದು ನಿಂತಳು.

"ಅಣ್ಣಾ, ಆ ವಾಚ್‌ಮನ್ ಕೈ ಸರಿ ಇಲ್ಲ. ನಾಳೆಯಿಂದ ನಾನು ಬರಲ್ಲ."

"ಗೇಟು ನನ್ನ ಕೆಲಸ ಅಲ್ಲ ಕಣಮ್ಮಾ."

"ಒಂದು ಹೊಲಿಗೆ ತಪ್ಪಿದ್ರೆ ಓಡಿ ಬರ್ತೀರಲ್ಲಣ್ಣಾ. ಗೇಟೇನು ದೂರಾನಾ?"

ಅಂದು ಸಂಜೆ ಮುನಿಯಲ್ಲಪ್ಪ ಗೇಟಿಗೆ ಹೋಗಿ ವಾಚ್‌ಮನ್ನನ್ನು ಪಕ್ಕಕ್ಕೆ ಸರಿಸಿದ.

"ಇನ್ಮೇಲೆ ಹೆಂಗಸರ ಮೈ ಮುಟ್ಟಂಗಿಲ್ಲ. ನೂಲು ಕಡಿಮೆ ಬಂದ್ರೆ ಸಾಹುಕಾರ್ರು ನನ್ನನ್ನ ಕೇಳ್ಲಿ."

ಮರುದಿನ ಬೆಳಿಗ್ಗೆ ಫಖ್ರುನ್ನೀಸಾ ಎಂದಿನಂತೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಮುನಿಯಲ್ಲಪ್ಪ ಕೆಲಸ ಬಿಡುವವರೆಗೂ ಪ್ರತಿ ಸಂಜೆ ಅವನ ಕುರ್ಚಿ ಗೇಟಿನ ಪಕ್ಕದಲ್ಲೇ ಇರುತ್ತಿತ್ತು.