ಅಕ್ಕನ ಕುರ್ಚಿಯಲ್ಲಿ ಚೊಚ್ಚಲ ಮೊಟ್ಟೆ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಮೊಟ್ಟೆಯಮ್ಮ ಎಂದೇ ಕರೆಯುತ್ತಿದ್ದರು. ಬೆಳಕು ಹರಿಯುತ್ತಿದ್ದಂತೆ ದೊಡ್ಡ ಪಾತ್ರೆಗೆ ನೀರು ತುಂಬಿ, ವಾರ್ಡುಗಳಿಗೆಲ್ಲ ಮೊಟ್ಟೆ ಬೇಯಿಸಿ ಸುಲಿದು ಕೊಡುವುದು ಅವಳ ಕೆಲಸ. ಕೆಲಸಕ್ಕೆ ಸೇರಿದಾಗ ಸೊಂಟ ಮುಟ್ಟುತ್ತಿದ್ದ ಜಡೆ, ನಿವೃತ್ತಿಯ ಹೊತ್ತಿಗೆ ನಿಂಬೆಹಣ್ಣಿನ ಗಾತ್ರದ ಬಿಳಿ ತುರುಬಾಗಿತ್ತು. ಅಷ್ಟು ವರ್ಷ, ಅಷ್ಟೊಂದು ಮೊಟ್ಟೆ ಕೈ ದಾಟಿ ಹೋದರೂ ಕೋಳಿ ಮೊಟ್ಟೆ ಇಡುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಅವಳ ಪಾಲಿಗೆ ಮೊಟ್ಟೆಯೆಂದರೆ ಟ್ರೇಗಳಲ್ಲಿ ತಣ್ಣಗೆ ಕೂತು ವ್ಯಾನಿನಿಂದ ಇಳಿಯುವ ವಸ್ತು.

ಕೆಲಸ ಬಿಟ್ಟ ವಾರದಲ್ಲೇ ಅವಳು ನಾಲ್ಕು ಕೋಳಿಮರಿ ತಂದು ಹಿತ್ತಲಿಗೆ ಬಿಟ್ಟಳು. ಜೊತೆಗಿದ್ದ ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು. ಗಂಟಲು ಇನ್ನೂ ಗಟ್ಟಿ.

“ಆಯುಷ್ಯವೆಲ್ಲಾ ಮೊಟ್ಟೆ ಸುಲಿದದ್ದು ಸಾಲ್ದೇನೇ? ಹಿತ್ತಲೆಲ್ಲಾ ಗಲೀಜು!”

“ನಿನ್ನ ಹಾಸಿಗೆ ಮೇಲೇನೂ ಬಿಡಲ್ಲ, ಸುಮ್ನಿರಕ್ಕ.”

ಮರಿಗಳಲ್ಲಿ ಕಂದು ಬಣ್ಣದ್ದೊಂದು ಕತ್ತು ಎತ್ತಲಾರದೆ ಮುದುಡಿ ಬಿತ್ತು. “ಇದು ಉಳಿಯೋ ಪೈಕಿ ಅಲ್ಲ” ಎಂದಳು ಅಕ್ಕ. ತಂಗಿ ಅದನ್ನು ಬುಟ್ಟಿಯಲ್ಲಿಟ್ಟು, ಒಲೆಯ ಪಕ್ಕ ಬೆಚ್ಚಗೆ ಮಲಗಿಸಿ, ಬೆರಳ ತುದಿಯಿಂದ ನೀರುಣಿಸಿದಳು. ಅದು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಮಿಕ್ಕ ಮೂರನ್ನೂ ಕುಕ್ಕಿ ಹದ್ದುಬಸ್ತಿನಲ್ಲಿಟ್ಟಿತು.

ತಿಂಗಳುಗಳು ಉರುಳಿದವು. ಅವಳು ಹಳೆಯ ಹಲಗೆ ಬಡಿದು ಗೂಡು ಕಟ್ಟಿ, ಒಣಹುಲ್ಲು ಹಾಸಿ ಕಾದಳು. “ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ಳಂತೆ” ಎಂದು ಅಕ್ಕ ನಕ್ಕಳು. ಪಕ್ಕದ ಮನೆಯ ಟೈಲರ್ ಕಾಂಪೌಂಡಿನಾಚೆಯಿಂದ ಇಣುಕಿ, “ಏನ್ ಮೊಟ್ಟೆಯಮ್ಮ, ಇನ್ನೂ ಅಂಗಡಿ ಮೊಟ್ಟೇನೇನಾ?” ಎಂದ. ಅವಳು ನಕ್ಕಳೇನೋ ನಿಜ, ಒಳಗೆ ಮಾತ್ರ ಚುರುಕ್ಕೆಂದಿತು.

ಒಂದು ಬೆಳಿಗ್ಗೆ ಕಂದು ಕೋಳಿ ನಿಂತಲ್ಲಿ ನಿಲ್ಲದಾಯಿತು. ಜುಟ್ಟು ಕೆಂಪಗೆ ತಿರುಗಿತ್ತು. ಗೂಡಿಗೆ ಇಣುಕಿತು, ಬೇಡವೆಂದು ಹೊರಬಂತು, ಸಣ್ಣಗೆ ಗೊಣಗುತ್ತಾ ಅಡುಗೆಮನೆ ದಾಟಿ ನಡುಮನೆಗೆ ಬಂತು. ಅಕ್ಕ ಕಾಫಿ ಬಗ್ಗಿಸಿಕೊಳ್ಳಲು ಎದ್ದದ್ದೇ ತಡ, ಅವಳ ಬೆತ್ತದ ಕುರ್ಚಿಗೆ ಹಾರಿ ದಿಂಬಿನ ಮೇಲೆ ಕೂತೇಬಿಟ್ಟಿತು.

“ಏಯ್! ನನ್ ಕುರ್ಚಿ! ಓಡ್ಸೇ ಇದನ್ನ!”

“ಶ್! ಮೆತ್ತಗೆ ಮಾತಾಡಕ್ಕ. ಚೊಚ್ಚಲು.”

ಅಕ್ಕ ಲೋಟ ಹಿಡಿದು ನಿಂತಳು. ಕಾಫಿ ಆರಿತು, ಮಂಡಿ ನೋಯಿತು, ಆದರೂ ನಿಂತೇ ಇದ್ದಳು. ಅಷ್ಟರಲ್ಲಿ ಟೈಲರ್ ಬಾಗಿಲು ತಟ್ಟಿದ. ಅಕ್ಕ ಬಾಗಿಲನ್ನು ಗೇಣಗಲ ತೆರೆದು, ತುಟಿಯ ಮೇಲೆ ಬೆರಳಿಟ್ಟಳು.

“ಆಮೇಲೆ ಬಾರಪ್ಪ. ಒಳಗೆ ಹೆರಿಗೆ ನಡೀತಿದೆ.”

ಟೈಲರ್ ಅಕ್ಕನ ನರೆಗೂದಲು ನೋಡಿದ, ಹಿಂದೆ ನಿಂತಿದ್ದ ತಂಗಿಯ ನರೆಗೂದಲು ನೋಡಿದ. “ಯಾರಿಗೆ?” ಎಂದ.

ಆ ಹೊತ್ತಿಗೆ ಕೋಳಿ ಅರ್ಧ ಎದ್ದು, ಗರಿ ಕೆದರಿ ನಿಂತಿತು. ಮೊಟ್ಟೆ ದಿಂಬಿಗೆ ಜಾರಿತು. ಒದ್ದೆಯಾಗಿ ಮಿರುಗುತ್ತಿದ್ದದ್ದು ನೋಡನೋಡುತ್ತಲೇ ಒಣಗಿತು. ಕೋಳಿ ಬೀದಿಗೆಲ್ಲ ಕೇಳುವಂತೆ ಸಾರತೊಡಗಿತು. ಮೊಟ್ಟೆಯಮ್ಮ ಮೊಟ್ಟೆಯನ್ನು ಅಂಗೈಗೆ ತೆಗೆದುಕೊಂಡಳು. ಪುಟ್ಟದು, ಚಿಪ್ಪಿನ ಮೇಲೆ ನೂಲಿನಷ್ಟು ರಕ್ತದ ಗೆರೆ. ಬಿಸಿ ಮೊಟ್ಟೆ ಆ ಕೈಗೆ ಹೊಸದಲ್ಲ. ಆದರೆ ಇದು ಒಲೆಯ ಬಿಸಿಯಲ್ಲ.

“ಕೊಡೇ ಇಲ್ಲಿ” ಎಂದು ಅಕ್ಕ ಕೈ ಚಾಚಿದಳು. ಕೆನ್ನೆಗೆ ಒತ್ತಿಕೊಂಡು, “ಬೆಚ್ಚಗಿದೆ ಕಣೇ!” ಎಂದಳು. ಆಮೇಲೆ ಫೋನಿನ ಮುಂದೆ ಕೂತವಳು ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿಸಿಯೇ ಎದ್ದಳು.

ಕೆಲವೇ ದಿನಗಳಲ್ಲಿ ಉಳಿದ ಮೂರೂ ಇಡತೊಡಗಿದವು. ಮೊಟ್ಟೆಯಮ್ಮ ಒಂದು ಡಬ್ಬಿಗೆ ಹತ್ತಿ ಹಾಸಿ, ಮೊಟ್ಟೆ ಜೋಡಿಸಿಕೊಂಡು ಆಸ್ಪತ್ರೆಯ ಅಡುಗೆಮನೆಗೆ ಹೋದಳು. ಹಳೆಯ ಜೊತೆಗಾರ್ತಿಯರು ಸುತ್ತ ಮುತ್ತಿದರು.

“ಇದ್ಯಾಕೆ ಮೊಟ್ಟೆಯಮ್ಮ, ಇಷ್ಟು ಸಣ್ಣದು?”

“ಚೊಚ್ಚಲು ಅಂದ್ರೆ ಏನಂದ್ಕೊಂಡ್ರಿ? ನಮ್ಮ ಹಿತ್ತಲ ಕೋಳಿ ಇಟ್ಟಿದ್ದು. ನನ್ನ ಕಣ್ಣೆದುರೇ ಇಟ್ಟಿದ್ದು!”

ಬೇಯಿಸಲು ಅವಳು ಕೈ ಹಾಕಿದರೆ ಯಾರೂ ಬಿಡಲಿಲ್ಲ. ತಾವೇ ಬೇಯಿಸಿ, ಸುಲಿದು, ತಟ್ಟೆಯಲ್ಲಿಟ್ಟು ತಂದರು. ಅವಳು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಅಡುಗೆಮನೆಯಲ್ಲಿ ಅವಳು ಕೂತು ತಿಂದದ್ದು ಅದೇ ಮೊದಲು.

“ಸ್ವಲ್ಪ ಉಪ್ಪು ಕೊಡ್ರೇ” ಎಂದಳು, ಯಜಮಾನತಿಯ ಗತ್ತಿನಲ್ಲಿ.